ಕಿಂಡಿಗೆ ಕೂರುವ ಮಾಡ್ಯೂಲು, ಒಪ್ಪದ ಡ್ರೈವರು

(ದತ್ತಿ ಉಪನ್ಯಾಸದ ಲಿಖಿತ ರೂಪ)



ವಿಜ್ಞಾನ ತಂತ್ರಜ್ಞಾನದ ವಿಷಯವನ್ನು ಅದರಲ್ಲೇ ಕೆಲಸ ಮಾಡಿದವರು ಕನ್ನಡದಲ್ಲಿ ಹೇಳಬೇಕು ಎಂಬುದು ಈ ದತ್ತಿಯ ಆಶಯ. ಆ ಆಶಯಕ್ಕೆ ಬದ್ಧನಾಗಿ ಇವತ್ತು ಬೆರಳುದ್ದದ ಒಂದು ವಸ್ತುವಿನ ಬಗ್ಗೆಯಷ್ಟೇ ಮಾತಾಡಲಿದ್ದೇನೆ. ಅದರ ಹೆಸರು ಎಸ್‌ಎಫ್‌ಪಿ. ಫೈಬರ್ ಕೇಬಲ್ಲನ್ನು ಸ್ವಿಚ್ಚಿಗೋ ಸರ್ವರಿಗೋ ಸೇರಿಸುವ ಆಪ್ಟಿಕಲ್ ಮಾಡ್ಯೂಲು ಅದು. ಉದ್ದ 56.5 ಮಿಲಿಮೀಟರ್, ಅಗಲ 13.4 ಮಿಲಿಮೀಟರ್. ಹಿಂದಿನ ತುದಿಯಲ್ಲಿ ಚಿನ್ನದ ಲೇಪದ 20 ಸಂಪರ್ಕಗಳು, ಮುಂದಿನ ತುದಿಯಲ್ಲಿ ಎರಡು ರಂಧ್ರಗಳು. ಒಂದರಿಂದ ಲೇಸರ್ ಬೆಳಕು ಹೊರಗೆ ಹೋಗುತ್ತದೆ, ಇನ್ನೊಂದರಿಂದ ಆಚೆ ಕಡೆಯ ಬೆಳಕು ಒಳಗೆ ಬರುತ್ತದೆ.

ಬೆಳಕಿನ ಭೌತಶಾಸ್ತ್ರವನ್ನು ಬೇಗ ದಾಟುತ್ತೇನೆ. ಗಾಜಿನ ಕಲ್ಮಶ ಕಳೆದರೆ ಬೆಳಕು ಅದರೊಳಗೆ ಬಹುದೂರ ಸಾಗಬಲ್ಲದು ಎಂದು ಚಾರ್ಲ್ಸ್ ಕಾವೊ 1966ರಲ್ಲಿ ವಾದಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಬಂತು. 1970ರಲ್ಲಿ ಕಾರ್ನಿಂಗ್ ಕಂಪನಿಯವರು ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕಡಿಮೆ ನಷ್ಟದ ಫೈಬರ್ ಎಳೆದರು. ಈಗ 1550 ನ್ಯಾನೋಮೀಟರ್ ಬೆಳಕಿಗೆ ಆ ನಷ್ಟ 0.2 ಡೆಸಿಬೆಲ್‌ನ ಆಸುಪಾಸಿಗೆ ಇಳಿದಿದೆ. ಸಿಂಗಲ್ ಮೋಡ್ ಫೈಬರಿನ ತಿರುಳು 9 ಮೈಕ್ರಾನಿನಷ್ಟು. ಅದರೊಳಗೆ 1310 ನ್ಯಾನೋಮೀಟರ್ ಬೆಳಕು ಸಾಧಾರಣ ಮಾಡ್ಯೂಲಿನಿಂದಲೇ 10 ಕಿಲೋಮೀಟರ್ ಹೋಗುತ್ತದೆ. ಈ ಕೆಲಸವನ್ನೆಲ್ಲ ಹಿಂದಿನವರು ಮಾಡಿಟ್ಟಿದ್ದಾರೆ. ಇಷ್ಟಾದ ಮೇಲೂ ಒಂದು ಮಾಡ್ಯೂಲು ಕಿಂಡಿಯಲ್ಲಿ ಸರಿಯಾಗಿ ಕೂತು, ಫೈಬರೂ ಸರಿಯಿದ್ದು, ಲಿಂಕ್ ಬರದೇ ಇರಬಹುದು. ಆಪರೇಟಿಂಗ್ ಸಿಸ್ಟಮ್ಮಿನ ಡ್ರೈವರು ಅದನ್ನು ಒಪ್ಪದಿರುವುದೇ ಕಾರಣವಾಗಿರಬಹುದು. ನನ್ನ ವಿಷಯ ಆ ಒಪ್ಪಿಗೆ.

ಮಾಡ್ಯೂಲನ್ನು ಒಪ್ಪುವ, ಬಿಡುವ ತೀರ್ಮಾನ ಅದರ ಗುಣ ನೋಡಿ ಆಗಬೇಕು, ಅದರ ಮೇಲಿನ ಹೆಸರು ನೋಡಿ ಅಲ್ಲ. ಆ ತೀರ್ಮಾನ ಎಲ್ಲಿ, ಯಾವ ಸಾಲಿನಲ್ಲಿ ಆಯಿತೆಂದು ಹಣ ಕೊಟ್ಟು ಕೊಂಡವನು ಓದಿ ತಿಳಿಯಲು ಸಾಧ್ಯವಿರಬೇಕು. ಇದು ನನ್ನ ವಾದ. ಯಾಕೆ ಹೀಗೆ ಹೇಳುತ್ತೇನೆಂದು ತಿಳಿಯಬೇಕಾದರೆ ಮಾಡ್ಯೂಲಿನ ಹೊಟ್ಟೆಯೊಳಗೆ ಇಣುಕಬೇಕು.

2000ದ ಸೆಪ್ಟೆಂಬರಿನಲ್ಲಿ ಹಲವು ತಯಾರಕರು ಕೂಡಿ ಒಂದು ಒಪ್ಪಂದ ಮಾಡಿಕೊಂಡರು. ಆಕಾರ ಇಷ್ಟೇ ಇರಬೇಕು, 20 ಸಂಪರ್ಕಗಳಲ್ಲಿ ಯಾವುದಕ್ಕೆ ಯಾವ ಕೆಲಸ, ವಿದ್ಯುತ್ತು 3.3 ವೋಲ್ಟ್, ಯಂತ್ರ ಚಾಲೂ ಇದ್ದಾಗಲೇ ಹಾಕಿ ತೆಗೆಯುವಂತಿರಬೇಕು. ಭೂಮಿಯ ಸಂಪರ್ಕಗಳನ್ನು ಉಳಿದವಕ್ಕಿಂತ ಸ್ವಲ್ಪ ಉದ್ದ ಮಾಡಿದ್ದಾರೆ. ತಳ್ಳಿದಾಗ ಅವೇ ಮೊದಲು ಮುಟ್ಟುತ್ತವೆ. ಯಾರು ಮಾಡಿದ ಮಾಡ್ಯೂಲೇ ಆಗಲಿ, ಯಾರು ಮಾಡಿದ ಯಂತ್ರದಲ್ಲೇ ಆಗಲಿ ನಡೆಯಬೇಕು ಎಂಬುದೇ ಒಪ್ಪಂದದ ಜೀವಾಳ. ಗ್ರಾಹಕನ ದೃಷ್ಟಿಯಿಂದ ನೋಡಿದರೆ ಜಾಲ ಉದ್ಯಮ ಮಾಡಿದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು ಎಂದು ನಾನು ತಿಳಿದಿದ್ದೇನೆ.

ಒಪ್ಪಂದದ ಪ್ರಕಾರ ಪ್ರತಿ ಮಾಡ್ಯೂಲಿನಲ್ಲೂ ಒಂದು ಪುಟ್ಟ ಮೆಮೊರಿ ಚಿಪ್ಪಿರುತ್ತದೆ. ಎರಡು ತಂತಿಯ ಐ2ಸಿ ಹಾದಿಯಲ್ಲಿ ಅದನ್ನು ಓದಬಹುದು. ಲಿನಕ್ಸ್‌ನಲ್ಲಿ ಎಥ್‌ಟೂಲ್ ಎಂಬ ಸಲಕರಣೆಗೆ ಎಮ್ ಎಂಬ ಆಯ್ಕೆ ಕೊಟ್ಟರೆ ಅಲ್ಲಿರುವುದೆಲ್ಲ ತೆರೆಯ ಮೇಲೆ ಬರುತ್ತದೆ. ವಿದ್ಯಾರ್ಥಿಗಳಿಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸೊನ್ನೆಯನೇ ಬೈಟಿನಲ್ಲಿ 3 ಇದ್ದರೆ ಇದು ಎಸ್‌ಎಫ್‌ಪಿ ಜಾತಿಯದು. 2ನೇ ಬೈಟಿನಲ್ಲಿ 7 ಇದ್ದರೆ ಎಲ್‌ಸಿ ಕನೆಕ್ಟರಿನದು. 12ನೇ ಬೈಟಿನಲ್ಲಿ ವೇಗ, ನೂರು ಮೆಗಾಬಾಡ್‌ನ ಲೆಕ್ಕದಲ್ಲಿ. 10 ಗಿಗಾಬಿಟ್ಟಿನದಾದರೆ ಅಲ್ಲಿ 103 ಕಾಣುತ್ತದೆ. 20ರಿಂದ 35ರವರೆಗೆ ತಯಾರಕರ ಹೆಸರು, 37ರಿಂದ 39ರವರೆಗೆ ಆ ತಯಾರಕರಿಗೆ ಕೊಟ್ಟ ಸಂಖ್ಯೆ, 40ರಿಂದ 55ರವರೆಗೆ ಮಾದರಿ ಸಂಖ್ಯೆ. 60ರಲ್ಲಿ 5, 61ರಲ್ಲಿ 30 ಇದ್ದರೆ 5ನ್ನು 256ರಿಂದ ಗುಣಿಸಿ 30 ಕೂಡಿಸಿ: 1310 ನ್ಯಾನೋಮೀಟರ್ ಬಂತು. 63ನೇ ಬೈಟು ತಾಳೆಮೊತ್ತ. ಸೊನ್ನೆಯಿಂದ 62ರವರೆಗಿನ ಬೈಟುಗಳನ್ನೆಲ್ಲ ಕೂಡಿದಾಗ ಬರುವ ಮೊತ್ತದ ಕೊನೆಯ ಎಂಟು ಬಿಟ್ಟುಗಳಿಗೆ ಅದು ಸರಿಹೊಂದಬೇಕು.

ತಪಾಸಣೆ ಸೌಲಭ್ಯವಿರುವ ಮಾಡ್ಯೂಲುಗಳಲ್ಲಿ ಇನ್ನೊಂದು ವಿಳಾಸವೂ ಇರುತ್ತದೆ. ಮಾಡ್ಯೂಲಿನ ಉಷ್ಣಾಂಶ, ವೋಲ್ಟೇಜು, ಲೇಸರಿಗೆ ಹರಿಯುವ ಕರೆಂಟು, ಹೊರಹೋಗುವ ಬೆಳಕಿನ ಶಕ್ತಿ, ಒಳಬರುವ ಬೆಳಕಿನ ಶಕ್ತಿ, ಎಲ್ಲವೂ ಅಲ್ಲಿ ಸಿಗುತ್ತವೆ. ಒಳಬರುವ ಬೆಳಕಿನ ಅಂಕಿ 104 ಮತ್ತು 105ನೇ ಬೈಟುಗಳಲ್ಲಿ, ಮೈಕ್ರೋವಾಟಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಅಲ್ಲಿ 1000 ಎಂದಿದ್ದರೆ 100 ಮೈಕ್ರೋವಾಟ್, ಅಂದರೆ ಮೈನಸ್ 10 ಡಿಬಿಎಮ್. ಪವರ್ ಮೀಟರ್ ಹಿಡಿದುಕೊಂಡು ಮೂವತ್ತು ಕಿಲೋಮೀಟರ್ ಬೈಕಿನಲ್ಲಿ ಹೋಗುವ ಹುಡುಗನಿಗೆ ಈ ಎರಡು ಬೈಟುಗಳ ಬೆಲೆ ಗೊತ್ತು. ಕಚೇರಿಯಲ್ಲೇ ಕೂತು ನೋಡಬಹುದಾದದ್ದಕ್ಕೆ ಅವನು ಅಷ್ಟು ದೂರ ಹೋಗಬೇಕಾಗಿ ಬರುವುದು ಡ್ರೈವರು ಈ ಅಂಕಿಯನ್ನು ಮೇಲಕ್ಕೆ ಕೊಡದಿದ್ದಾಗ.

ಇದನ್ನೆಲ್ಲ ಓದುವವರು ಯಾರು? ಇಲ್ಲಿ ದಾರಿ ಎರಡಾಗುತ್ತದೆ. ಸರ್ವರಿಗೆ ಹಾಕುವ ಬಹುತೇಕ ಕಾರ್ಡುಗಳಲ್ಲಿ ಮಾಡ್ಯೂಲಿನ ತಂತಿಗಳು ಕಾರ್ಡಿನ ಚಿಪ್ಪಿಗೇ ಹೋಗುತ್ತವೆ. ಅದನ್ನು ಸಂಭಾಳಿಸುವುದು ಆ ತಯಾರಕರ ಫರ್ಮ್‌ವೇರ್ ಅಥವಾ ಅವರೇ ಬರೆದ ಡ್ರೈವರು. ಸಣ್ಣ ರೂಟರ್ ಬೋರ್ಡುಗಳಲ್ಲಿ ಹಾಗಲ್ಲ. ಆ ತಂತಿಗಳು ನೇರವಾಗಿ ಮುಖ್ಯ ಪ್ರೊಸೆಸರಿಗೆ ಬರುತ್ತವೆ, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ ತಾನೇ ಮಾಡ್ಯೂಲಿನ ಜೊತೆ ವ್ಯವಹರಿಸುತ್ತದೆ.

ಮೊದಲ ದಾರಿಗೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಂಟೆಲ್‌ನ 82599 ಚಿಪ್ಪಿನ 10 ಗಿಗಾಬಿಟ್ ಕಾರ್ಡನ್ನು ಲಿನಕ್ಸ್‌ನಲ್ಲಿ ನಡೆಸುವುದು ಐಎಕ್ಸ್‌ಜಿಬಿಇ ಎಂಬ ಡ್ರೈವರು. ಅದರ ಮೂಲಪಠ್ಯ ಬಹಿರಂಗ, ಯಾರು ಬೇಕಾದರೂ ಓದಬಹುದು. ಅದರಲ್ಲಿ ಮಾಡ್ಯೂಲನ್ನು ಗುರುತಿಸುವ ಒಂದು ಕಾರ್ಯವಿಧಾನವಿದೆ. ಮೊದಲು ಜಾತಿ ನೋಡುತ್ತದೆ, ಆಮೇಲೆ ವೇಗದ ಸಂಕೇತಗಳನ್ನು ನೋಡುತ್ತದೆ. ಇಷ್ಟರವರೆಗೆ ಗುಣಪರೀಕ್ಷೆ. ಆಮೇಲೆ ತಯಾರಕರ ಆ ಮೂರು ಬೈಟುಗಳನ್ನು ತೆಗೆದು, ಇದು ಇಂಟೆಲ್‌ನದೇ ಎಂದು ಹೋಲಿಸುತ್ತದೆ. ಅಲ್ಲವಾದರೆ, ಯಾವ ಮಾಡ್ಯೂಲಾದರೂ ಸರಿ ಎಂದು ಕಾರ್ಡಿನ ಸ್ವಂತ ಮೆಮೊರಿಯ ಒಂದು ಬಿಟ್ಟಿನಲ್ಲಿ ಬರೆದಿದೆಯೇ ಎಂದು ಹುಡುಕುತ್ತದೆ. ಅದೂ ಇಲ್ಲವಾದರೆ, ಡ್ರೈವರನ್ನು ಏರಿಸುವಾಗ ‘ಅಲೋ ಅನ್‌ಸಪೋರ್ಟೆಡ್ ಎಸ್‌ಎಫ್‌ಪಿ’ ಎಂಬ ಆಯ್ಕೆಗೆ 1 ಎಂದು ಕೊಟ್ಟಿದ್ದೀರಾ ಎಂದು ನೋಡುತ್ತದೆ. ಕೊಟ್ಟಿದ್ದರೆ ಒಂದು ಎಚ್ಚರಿಕೆ ಬರೆದು ಮುಂದುವರಿಯುತ್ತದೆ. ಕೊಟ್ಟಿಲ್ಲವಾದರೆ ಮಾಡ್ಯೂಲನ್ನು ತಳ್ಳಿಹಾಕುತ್ತದೆ. ಅದೇ ಪಠ್ಯದಲ್ಲಿ, ಇದಕ್ಕಿಂತ ಹಳೆಯ 82598 ಚಿಪ್ಪಿಗೆ ಈ ಹೆಸರು ನೋಡುವ ಹಂತವೇ ಇಲ್ಲ. ತಾಮ್ರದ ನೇರ ಕೇಬಲ್ಲು ಹಾಕಿದರೂ ತಯಾರಕರು ಯಾರೆಂದು ಕೇಳುವುದಿಲ್ಲ. ಫ್ರೀಬಿಎಸ್‌ಡಿಯಲ್ಲೂ ಇದೇ ಕಾರ್ಡಿಗೆ ಇಂಥದೇ ಒಂದು ಆಯ್ಕೆಯಿದೆ. ಯಂತ್ರ ಶುರುವಾಗುವಾಗಲೇ ಅದನ್ನು ಹೇಳಿರಬೇಕು.

ಸರ್ವರ್ ನೋಡಿಕೊಳ್ಳುವವರಿಗೆ ಇಲ್ಲೊಂದು ಉಪಯುಕ್ತ ಸುಳಿವಿದೆ. ಫೈಬರ್ ತುಂಡಾಗಿದ್ದರೆ ಇಂಟರ್‌ಫೇಸ್ ಪಟ್ಟಿಯಲ್ಲಿ ಇರುತ್ತದೆ, ಲಿಂಕ್ ಮಾತ್ರ ಇರುವುದಿಲ್ಲ. ಯಂತ್ರ ಶುರುವಾಗುವಾಗಲೇ ಡ್ರೈವರು ಮಾಡ್ಯೂಲನ್ನು ತಳ್ಳಿದ್ದರೆ ಪಟ್ಟಿಯಲ್ಲಿ ಇಂಟರ್‌ಫೇಸೇ ಇರುವುದಿಲ್ಲ. ಆಗ ಫೈಬರಿನ ಕಡೆ ಹೋಗಬೇಡಿ, ಕರ್ನೆಲ್ಲಿನ ಲಾಗ್ ಓದಿ. ಕಾರಣ ಅಲ್ಲಿ ನೇರವಾಗಿ ಬರೆದಿರುತ್ತದೆ.

ಸ್ವಿಚ್ಚುಗಳ ಲೋಕದಲ್ಲಿ ಇಂಥ ಪಠ್ಯ ಸಾಮಾನ್ಯವಾಗಿ ಓದಲು ಸಿಗುವುದಿಲ್ಲ. ಒಪ್ಪಂದ 96ರಿಂದ 127ರವರೆಗಿನ ಬೈಟುಗಳನ್ನು ತಯಾರಕರ ಸ್ವಂತ ಬಳಕೆಗೆ ಬಿಟ್ಟಿದೆ. ಕೆಲವು ಕಂಪನಿಗಳು ಅಲ್ಲಿ ಗುಟ್ಟಿನ ಗುರುತು ಇಟ್ಟು, ಆ ಗುರುತಿಲ್ಲದ ಮಾಡ್ಯೂಲು ಬಂದರೆ ಪೋರ್ಟನ್ನೇ ಮುಚ್ಚುತ್ತವೆ. ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಇದರ ಫಲವನ್ನು ನಾನೇ ನಿಂತು ನೋಡಿದ್ದೇನೆ. ಸುಟ್ಟುಹೋದ ಒಂದು ಮಾಡ್ಯೂಲಿನ ಬದಲಿಗೆ ಅಷ್ಟೇ ವೇಗದ, ಅದೇ 1310 ನ್ಯಾನೋಮೀಟರಿನ ಬೇರೊಂದನ್ನು ತಂದು ಹಾಕಿದ್ದರು. ಲಿಂಕ್ ಬರಲಿಲ್ಲ. ಸ್ಪ್ಲೈಸ್, ಅಂದರೆ ಫೈಬರಿನ ಬೆಸುಗೆ, ಸರಿಯಾಗಿಲ್ಲ ಎಂದು ಫೈಬರ್ ಎಳೆದ ಗುತ್ತಿಗೆದಾರರ ಬಿಲ್ ತಡೆಹಿಡಿದರು. ಅವರು ಮತ್ತೆ ಬಂದು, ಗುಂಡಿ ತೆಗೆದು, ಜಾಯಿಂಟ್ ಪೆಟ್ಟಿಗೆ ಬಿಚ್ಚಿ, ಹೊಸದಾಗಿ ಸ್ಪ್ಲೈಸ್ ಮಾಡಿದರು. ಲಿಂಕ್ ಆಗಲೂ ಬರಲಿಲ್ಲ. ಕೊನೆಗೆ ಯಾರೋ ಸ್ವಿಚ್ಚಿನ ಲಾಗ್ ತೆರೆದರು. ಪೋರ್ಟು ಮುಚ್ಚಿತ್ತು, ಮಾಡ್ಯೂಲಿಗೆ ಒಪ್ಪಿಗೆ ಇಲ್ಲ ಎಂದು ಬರೆದಿತ್ತು. ತಪ್ಪೇ ಮಾಡದ ಒಬ್ಬ ಸ್ಪ್ಲೈಸರ್ ಅಷ್ಟು ದಿನ ಎಲ್ಲರ ಬೈಗುಳ ತಿಂದಿದ್ದ. ಅವನ ಮುಖ ನೆನೆದಾಗಲೆಲ್ಲ ಇದು ಬರೀ ತಾಂತ್ರಿಕ ವಿಷಯವಲ್ಲ ಎನಿಸುತ್ತದೆ.

ತಯಾರಕರಿಗೂ ಅವರದೇ ವಾದವಿದೆ, ಅದನ್ನು ನ್ಯಾಯವಾಗಿ ಕೇಳಬೇಕು. ಕೆಟ್ಟ ಮಾಡ್ಯೂಲು ಬಿಸಿಯೇರುತ್ತದೆ, ಹೆಚ್ಚು ವಿದ್ಯುತ್ತು ಎಳೆಯುತ್ತದೆ, ಪಕ್ಕದ ಪೋರ್ಟಿಗೂ ತೊಂದರೆ ಮಾಡಬಹುದು. ಆಮೇಲೆ ದೂರು ಬರುವುದು ಮಾತ್ರ ಸ್ವಿಚ್ಚಿನ ಕಂಪನಿಗೆ. ಪರೀಕ್ಷಿಸದ ಮಾಡ್ಯೂಲಿಗೆ ನಾವು ಹೊಣೆಯಲ್ಲ ಎಂದು ಅವರು ಹೇಳಿದರೆ ತಪ್ಪಿಲ್ಲ. ಆದರೆ ಹೊಣೆಯಲ್ಲ ಎನ್ನುವುದು ಬೇರೆ, ನಡೆಯಗೊಡುವುದಿಲ್ಲ ಎನ್ನುವುದು ಬೇರೆ. ಬಿತ್ತನೆ ಬೀಜ ತಂದ ರೈತ ಚೀಲದ ಮೇಲಿನ ಹೆಸರನ್ನು ಓದುತ್ತಾನೆ, ಆದರೂ ಒಂದು ಹಿಡಿ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡದೆ ಹೊಲಕ್ಕೆ ಹಾಕುವುದಿಲ್ಲ. ಮಾಡ್ಯೂಲಿನ ವಿಷಯದಲ್ಲೂ ಮೊಳಕೆ ನೋಡುವ ಅಂಕಿಗಳು ಒಪ್ಪಂದದಲ್ಲೇ ಇವೆ: ಉಷ್ಣಾಂಶ, ಕರೆಂಟು, ವಿದ್ಯುತ್ ವರ್ಗ. ಅಪಾಯವೇ ಚಿಂತೆಯಾದರೆ ಅವನ್ನು ಅಳೆಯಿರಿ. ಹೆಸರು ನೋಡಿ ಪೋರ್ಟು ಮುಚ್ಚಿದರೆ ಬಿಸಿಯ ಅಪಾಯ ಕಡಿಮೆಯಾಗುವುದಿಲ್ಲ. ಅಸಲಿ ಎಂದು ಮೆಮೊರಿಯಲ್ಲಿ ಸುಳ್ಳು ಬರೆದ ನಕಲಿ ಮಾಡ್ಯೂಲು ಆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ.

ಇನ್ನು ಎರಡನೇ ದಾರಿ. ಎಆರ್‌ಎಮ್ ಪ್ರೊಸೆಸರುಗಳಿಗೆ ಲಿನಕ್ಸ್ ತಂದ ರಸೆಲ್ ಕಿಂಗ್ ಅವರು, ಕರ್ನೆಲ್ ತಾನೇ ಎಸ್‌ಎಫ್‌ಪಿ ಮಾಡ್ಯೂಲನ್ನು ನೋಡಿಕೊಳ್ಳುವ ಸಾಮಾನ್ಯ ಡ್ರೈವರೊಂದನ್ನು ಬರೆದರು. 2017ರ ನವೆಂಬರಿನಲ್ಲಿ ಬಂದ 4.14ನೇ ಕರ್ನೆಲ್ಲಿನಲ್ಲಿ ಅದು ಸೇರಿತು. ಯಾವ ಕಂಪನಿಯ ಬೋರ್ಡಾದರೂ ತನ್ನ ಯಾವ ತಂತಿ ಯಾವ ಸಂಪರ್ಕಕ್ಕೆ ಹೋಗಿದೆ ಎಂದು ವಿವರಿಸಿಬಿಟ್ಟರೆ ಸಾಕು, ಉಳಿದದ್ದನ್ನು ಈ ಡ್ರೈವರು ಮಾಡುತ್ತದೆ. ನನಗೆ ಇದು ತುಂಬ ಪ್ರಿಯವಾದ ಪಠ್ಯ. ಅದರೊಳಗೆ ಮೂರು ಸ್ಥಿತಿಯಂತ್ರಗಳು ಒಟ್ಟಿಗೆ ನಡೆಯುತ್ತವೆ. ಒಂದು ಮಾಡ್ಯೂಲು ಇದೆಯೋ ಇಲ್ಲವೋ ನೋಡುತ್ತದೆ, ಒಂದು ಇಂಟರ್‌ಫೇಸ್ ಚಾಲೂ ಆಗಿದೆಯೋ ನೋಡುತ್ತದೆ, ಇನ್ನೊಂದು ಲೇಸರ್ ಮತ್ತು ಲಿಂಕನ್ನು ನೋಡುತ್ತದೆ. ಇಂಟರ್‌ಫೇಸನ್ನು ನೀವು ಚಾಲೂ ಮಾಡುವವರೆಗೆ ಲೇಸರನ್ನು ಅದು ಉರಿಸುವುದೇ ಇಲ್ಲ. ಮಾಡ್ಯೂಲು ಕೇಳುವ ವಿದ್ಯುತ್ತು 1 ವಾಟ್, 1.5 ವಾಟ್, 2 ವಾಟ್ ಹೀಗೆ ಯಾವ ವರ್ಗದ್ದೆಂದು ಓದಿ, ಬೋರ್ಡು ಕೊಡಬಲ್ಲದೇ ಎಂದು ತಾಳೆ ನೋಡುತ್ತದೆ. ತಯಾರಕರು ಮುಂದಿಡುವ ಅಪಾಯದ ವಾದಕ್ಕೆ ನಿಜವಾದ ಉತ್ತರ ಇದು.

ತಾಳೆಮೊತ್ತ ತಪ್ಪಿದರೂ ಎಲ್ಲ ತಪ್ಪನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ವೇಗ, ಕನೆಕ್ಟರ್, ಬೆಳಕಿನ ಬಣ್ಣ ಇರುವ ಮೊದಲ ಭಾಗದ ಮೊತ್ತ ತಪ್ಪಿದರೆ ಮಾಡ್ಯೂಲನ್ನು ಬಿಡುತ್ತದೆ, ಏಕೆಂದರೆ ಆಮೇಲೆ ಯಾವ ಮಾತನ್ನೂ ನಂಬುವಂತಿಲ್ಲ. ಮುಂದಿನ ಭಾಗದ ಮೊತ್ತ ತಪ್ಪಿದರೆ ಆ ಭಾಗದ ಮಾಹಿತಿಯನ್ನು ಮಾತ್ರ ಕೈಬಿಟ್ಟು, ಲಾಗಿನಲ್ಲಿ ಬರೆದು, ಮಾಡ್ಯೂಲನ್ನು ನಡೆಸುತ್ತದೆ.

ನಮ್ಮ ರಾಜ್ಯಕ್ಕೂ ಈ ವಿಷಯಕ್ಕೂ ನೇರ ನಂಟು ಕಾಣುವುದು ಜಿಪಾನ್ ಮಾಡ್ಯೂಲುಗಳಲ್ಲಿ. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ, ಈಗ ಭಾರತ್‌ನೆಟ್ ಎನ್ನುವ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಲುಪಿದ್ದು ಬಹುಮಟ್ಟಿಗೆ ಈ ತಂತ್ರಜ್ಞಾನದಿಂದ. ಒಂದೇ ಫೈಬರನ್ನು ಹಲವರು ಹಂಚಿಕೊಳ್ಳುತ್ತಾರೆ, ಕೆಳಮುಖವಾಗಿ 2.488 ಗಿಗಾಬಿಟ್, ಮೇಲ್ಮುಖವಾಗಿ 1.244 ಗಿಗಾಬಿಟ್. ಮನೆಯಲ್ಲಿ ಅಥವಾ ಪಂಚಾಯಿತಿಯಲ್ಲಿ ಇಡುವ ಪೆಟ್ಟಿಗೆಯ ಕೆಲಸವನ್ನು ಎಸ್‌ಎಫ್‌ಪಿ ಗಾತ್ರದೊಳಗೇ ಮಾಡುವ ಮಾಡ್ಯೂಲುಗಳೂ ಇವೆ. ಆ ಬೆರಳುದ್ದದೊಳಗೆ ಒಂದು ಪೂರ್ತಿ ಪುಟ್ಟ ಕಂಪ್ಯೂಟರ್ ಇರುತ್ತದೆ, ಅದೂ ಲಿನಕ್ಸ್ ನಡೆಸುತ್ತಿರುತ್ತದೆ.

ಡ್ರೈವರಿಗೆ ನಿಜವಾದ ಪರೀಕ್ಷೆ ಇವುಗಳದು. ಒಪ್ಪಂದದ ಪ್ರಕಾರ ಮಾಡ್ಯೂಲು 300 ಮಿಲಿಸೆಕೆಂಡಿನಲ್ಲಿ ಸಿದ್ಧವಾಗಬೇಕು. ಒಳಗಿನ ಕಂಪ್ಯೂಟರ್ ಏಳುವ ತನಕ ಇವು ಸಿದ್ಧವಾಗುವುದಿಲ್ಲ. ಕೆಲವಕ್ಕಾಗಿ ಕರ್ನೆಲ್ ಒಂದು ನಿಮಿಷದವರೆಗೆ ಕಾಯುತ್ತದೆ. ಕೆಲವು ಮಾಡ್ಯೂಲುಗಳು ದೋಷ ತಿಳಿಸುವ ತಂತಿಯನ್ನು ಬೇರೆ ಕೆಲಸಕ್ಕೆ ಬಳಸಿಕೊಂಡಿವೆ. ಅಲ್ಲಿ ದೋಷದ ಸಂಕೇತ ಬಂದರೂ ಲೆಕ್ಕಿಸಬಾರದು ಎಂದು ಬರೆದಿಡಬೇಕಾಯಿತು. ಹುವಾವೆಯ ಎಮ್‌ಎ5671ಎ 2.5 ಗಿಗಾಬಿಟ್ ಮಾಡಬಲ್ಲದು, ಆದರೆ ಅದರ ಮೆಮೊರಿ 1.2 ಎಂದಷ್ಟೇ ಹೇಳುತ್ತದೆ. ಅದನ್ನೂ ಡ್ರೈವರಿನಲ್ಲಿ ತಿದ್ದಿದ್ದಾರೆ. ಇಂಥ ಒಂದೊಂದು ವಿಚಿತ್ರಕ್ಕೂ ಪಠ್ಯದ ಒಂದು ಪಟ್ಟಿಯಲ್ಲಿ ಒಂದೊಂದು ಸಾಲಿದೆ. ಕ್ವಿರ್ಕ್ ಎನ್ನುತ್ತಾರೆ. ತಯಾರಕರ ಹೆಸರು, ಮಾದರಿ ಸಂಖ್ಯೆ, ಅದಕ್ಕೆ ಮಾಡಬೇಕಾದ ಉಪಚಾರ. ಹೆಸರು ಇಲ್ಲಿಯೂ ನೋಡುತ್ತಾರೆ, ಆದರೆ ಹೊರಗೆ ಹಾಕುವುದಕ್ಕಲ್ಲ, ಹೇಗಾದರೂ ಒಳಗೆ ಕರೆದುಕೊಳ್ಳುವುದಕ್ಕೆ. ತಯಾರಕರ ಹೆಸರಿನ ಜಾಗದಲ್ಲಿ ಬರೀ ‘ಓಇಎಮ್’ ಎಂದು ಬರೆದು ಮಾರುವ ಅನಾಮಧೇಯ ಮಾಡ್ಯೂಲುಗಳಿಗೂ ಆ ಪಟ್ಟಿಯಲ್ಲಿ ಜಾಗವಿದೆ.

ನನ್ನ ಮನಸ್ಸಿಗೆ ಅತಿ ಹೆಚ್ಚು ಹಿಡಿಸಿದ ಸಂಗತಿ ಇನ್ನೊಂದಿದೆ. ಕರ್ನೆಲ್ ಮಾಡ್ಯೂಲಿನ ಮೆಮೊರಿಯನ್ನು ಸಾಮಾನ್ಯವಾಗಿ 16 ಬೈಟುಗಳ ಕಂತಿನಲ್ಲಿ ಓದುತ್ತದೆ. ಕೆಲವು ಜಿಪಾನ್ ಮಾಡ್ಯೂಲುಗಳಲ್ಲಿ ನಿಜವಾದ ಮೆಮೊರಿ ಚಿಪ್ಪೇ ಇಲ್ಲ, ಒಳಗಿನ ಕಂಪ್ಯೂಟರ್ ಅದರಂತೆ ನಟಿಸುತ್ತದೆ, ಕಂತಿನಲ್ಲಿ ಕೇಳಿದರೆ ಮಾಹಿತಿ ಕೆಡುತ್ತದೆ. ಅಂಥವನ್ನು ಒಂದೊಂದೇ ಬೈಟಾಗಿ ಓದಬೇಕು. ಗುರುತಿನ ಮಾಹಿತಿಗೆ ಅದು ಸಾಕು. ಆದರೆ ಉಷ್ಣಾಂಶ, ಬೆಳಕಿನ ಶಕ್ತಿ ಎಲ್ಲ ಎರಡೆರಡು ಬೈಟಿನ ಅಂಕಿಗಳು, ಕ್ಷಣಕ್ಷಣವೂ ಬದಲಾಗುವಂಥವು. ಮೊದಲ ಬೈಟು ಓದಿ ಎರಡನೆಯದಕ್ಕೆ ಹೋಗುವಷ್ಟರಲ್ಲಿ ಅಂಕಿ ಬದಲಾಗಿದ್ದರೆ ಹಳೆಯದರ ಅರ್ಧ, ಹೊಸದರ ಅರ್ಧ ಸೇರಿ ಎಂದೂ ಇಲ್ಲದ ಒಂದು ಉಷ್ಣಾಂಶ ತೆರೆಯ ಮೇಲೆ ಬರುತ್ತದೆ. ಆದ್ದರಿಂದ ಇಂಥ ಮಾಡ್ಯೂಲುಗಳಿಗೆ ಕರ್ನೆಲ್ ತಪಾಸಣೆ ಅಂಕಿಗಳನ್ನು ಕೊಡುವುದನ್ನೇ ನಿಲ್ಲಿಸುತ್ತದೆ, ಯಾಕೆ ನಿಲ್ಲಿಸಿದೆ ಎಂದು ಲಾಗಿನಲ್ಲಿ ಬರೆಯುತ್ತದೆ. ತಪ್ಪಾಗಿರಬಹುದಾದ ಅಂಕಿಯನ್ನು ನಂಬಿ ಯಾರೋ ಒಬ್ಬರು ರಾತ್ರಿ ಹೊತ್ತು ಕಂಬ ಹತ್ತಬಾರದಲ್ಲ! ಈ ಪ್ರಾಮಾಣಿಕತೆಯನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪಾಠದಂತೆ ಓದಬೇಕೆಂದು ನನ್ನ ಆಸೆ.

ಸಭೆಯಲ್ಲಿ ಸರ್ಕಾರಿ ಕಚೇರಿಗಳಿಂದ, ವಿಶ್ವವಿದ್ಯಾಲಯಗಳಿಂದ ಬಂದವರಿದ್ದೀರಿ. ಟೆಂಡರ್ ಬರೆಯುವ ಕೈಗಳು ನಿಮ್ಮವು. ಜಾಲದ ಉಪಕರಣ ಕೊಳ್ಳುವಾಗ ನಾವು ಪೋರ್ಟಿನ ಸಂಖ್ಯೆ, ವೇಗ, ವಾರಂಟಿ ಎಲ್ಲ ಬರೆಯುತ್ತೇವೆ. ಒಪ್ಪಂದಕ್ಕೆ ಬದ್ಧವಾದ ಯಾವ ತಯಾರಕರ ಮಾಡ್ಯೂಲನ್ನಾದರೂ ಉಪಕರಣ ನಡೆಸಬೇಕು ಎಂಬ ಒಂದು ಸಾಲು ಸೇರಿಸಿ. ಮಾಡ್ಯೂಲಿನ ಮೆಮೊರಿಯೂ ತಪಾಸಣೆ ಅಂಕಿಗಳೂ ಸಾಮಾನ್ಯ ಸಲಕರಣೆಯಿಂದ ಓದಲು ಸಿಗಬೇಕು ಎಂದು ಬರೆಯಿರಿ. ಸರ್ವರ್ ಕಾರ್ಡಾದರೆ, ಅದರ ಡ್ರೈವರು ಮುಖ್ಯ ಲಿನಕ್ಸ್ ಕರ್ನೆಲ್ಲಿನಲ್ಲೇ ಇರಬೇಕು, ಬೇರೆ ಸಿಡಿಯಲ್ಲೋ ಕಂಪನಿಯ ತಾಣದಲ್ಲೋ ಅಲ್ಲ ಎಂದು ಕೇಳಿ. ಐದು ವರ್ಷ ಕಳೆದು ಆ ಕಂಪನಿ ಆ ಮಾದರಿಯನ್ನು ನಿಲ್ಲಿಸಿದ ಮೇಲೆ, ಕೆಟ್ಟ ಮಾಡ್ಯೂಲಿಗೆ ಬದಲಿ ಹುಡುಕುವವರು ಈ ಸಾಲುಗಳ ಫಲ ಉಣ್ಣುತ್ತಾರೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ಸಿ-ಡಾಟ್, ತೇಜಸ್ ನೆಟ್‌ವರ್ಕ್ಸ್‌ನಂಥ ಸಂಸ್ಥೆಗಳು ಬೆಂಗಳೂರಿನಲ್ಲೇ ಆಪ್ಟಿಕಲ್ ಉಪಕರಣ ರೂಪಿಸುತ್ತಿವೆ. ಕರ್ನೆಲ್ ಓದಬಲ್ಲವರ ಅಗತ್ಯ ನಮ್ಮ ನಾಡಿನಲ್ಲೇ ಇದೆ. ಎಸ್‌ಎಫ್‌ಪಿ ಡ್ರೈವರು ಒಬ್ಬರು ಕೂತು ಕೆಲವು ದಿನಗಳಲ್ಲಿ ಓದಿ ಮುಗಿಸಬಹುದಾದಷ್ಟು ದೊಡ್ಡದು. ಯಾವುದಾದರೂ ಮಾಡ್ಯೂಲು ನಡೆಯದಿದ್ದರೆ ಮೂಲೆಗೆ ಎಸೆಯಬೇಡಿ. ಎಥ್‌ಟೂಲ್‌ನಿಂದ ಅದರ ಮೆಮೊರಿಯನ್ನು ಪೂರ್ತಿ ತೆಗೆದಿಟ್ಟುಕೊಳ್ಳಿ. ಬೋರ್ಡು ಯಾವುದು, ಕರ್ನೆಲ್ ಎಷ್ಟನೆಯದು, ಮಾಡ್ಯೂಲು ಹಾಕಿದ ಕ್ಷಣದಿಂದ ಲಾಗಿನಲ್ಲಿ ಏನೇನು ಬಂತು, ಎಲ್ಲ ಬರೆಯಿರಿ. ಉಪಚಾರ ಸಿಕ್ಕರೆ ಪಟ್ಟಿಗೆ ಒಂದು ಸಾಲು ಸೇರಿಸಿ, ನಿಮ್ಮ ನಿಜ ಹೆಸರಿನ ಸಹಿಯೊಂದಿಗೆ ಕರ್ನೆಲ್ ಪಾಲಕರಿಗೆ ಕಳಿಸಿ. ಒಂದು ಎಚ್ಚರ ಮಾತ್ರ ಬೇಕು. 68ರಿಂದ 83ರವರೆಗಿನ ಬೈಟುಗಳಲ್ಲಿ ಕ್ರಮಸಂಖ್ಯೆ ಇರುತ್ತದೆ. ಜಿಪಾನ್ ಜಾಲದಲ್ಲಿ ಚಂದಾದಾರರನ್ನು ಗುರುತಿಸಲು ಕ್ರಮಸಂಖ್ಯೆಯನ್ನು ಬಳಸುವುದುಂಟು, ಅದು ಊರಿಗೆಲ್ಲ ತಿಳಿಯಬಾರದು. ಆ ಜಾಗಕ್ಕೆ ಸೊನ್ನೆ ತುಂಬಿ ಕಳಿಸಿ. ಹಾಗೆ ಮಾಡಿದಾಗ 95ನೇ ಬೈಟಿನ ತಾಳೆಮೊತ್ತ ಹೊಂದುವುದಿಲ್ಲ. ಅದು ನೀವೇ ಮಾಡಿದ ಬದಲಾವಣೆ ಎಂದು ಪತ್ರದಲ್ಲಿ ಒಂದು ಸಾಲು ಬರೆದುಬಿಡಿ, ಇಲ್ಲದಿದ್ದರೆ ಅವರು ಅದನ್ನೇ ದೋಷವೆಂದು ಹುಡುಕುತ್ತ ಕೂರುತ್ತಾರೆ.